ಸಾಯಬಣ್ಣನ ಕ್ಯಾಸೆಟ್ಟಿನಲ್ಲಿ ನನ್ನ ದನಿ

ಹಾಡಿಕಿ ಮೇಳ ಕಟ್ಟಬೇಕು, ಸವಾಲು-ಜವಾಬು ಕಲಿಯಬೇಕು ಎಂದು ಈಚೆಗೆ ಕೆಲವು ಪಡ್ಡೆ ಹುಡುಗರು ಕುರಕುಂಟಾದ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬರಲಿ, ಸಂತೋಷ. ಕಾಲಿಗೆ ಬೀಳುತ್ತಾರೆ, ಚಹಾ ಕುಡಿಯುತ್ತಾರೆ, ಆಮೇಲೆ ಮೆಲ್ಲಗೆ ಬಾಯಿ ಬಿಡುತ್ತಾರೆ: "ಮುತ್ಯಾ, ಸಾಯಬಣ್ಣನ ಕ್ಯಾಸೆಟ್ ನಿಮ್ಮ ಬಲ್ಲಿ ಅದ ಅಂತಲ್ರಿ, ಜರಾ ಕೇಳಸ್ತೀರೇನ್ರಿ?"

ನನ್ನ ಮನೆ, ನನ್ನ ಚಹಾ, ಕೇಳುವುದು ಸಾಯಬಣ್ಣನನ್ನು! ಆ ಕ್ಯಾಸೆಟ್ಟಿನಲ್ಲಿ ಸವಾಲು ಹಾಕುವ ದನಿ ಯಾರದು ಎಂದು ಒಬ್ಬನೂ ಕೇಳುವುದಿಲ್ಲ. ಅದು ನನ್ನದು. ಕುರಕುಂಟಾದ ಮಲ್ಲಣ್ಣನದು. ಮೂವತ್ತು ವರ್ಷ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ದಪ್ಪು ವಾದ್ಯ ಹೆಗಲಿಗೆ ಹಾಕಿಕೊಂಡು ತಿರುಗಿದವನು ನಾನು. ಈಗ ಗಂಟಲು ಸೋತಿದೆ, ಹಾಡುವುದು ಬಿಟ್ಟಿದ್ದೇನೆ. ಈ ಕಸುಬಿಗೆ ಬರುವವರಿಗೆ ನಾಲ್ಕು ಮಾತು ಉಪಯೋಗವಾಗಲಿ ಎಂದು ಬರೆಯಲು ಕೂತಿದ್ದೇನೆ. ನನ್ನ ಹೊಟ್ಟೆಕಿಚ್ಚು ನಡುನಡುವೆ ಕಾಣಿಸಿದರೆ ಅದನ್ನೂ ಓದಿಕೊಳ್ಳಿ. ಮುಚ್ಚಿಡುವ ವಯಸ್ಸು ಮುಗಿದಿದೆ.

ಹೊಸಬರಿಗೆ ಮೊದಲು ಕಸುಬಿನ ಕಟ್ಟಳೆ ಹೇಳುತ್ತೇನೆ. ನಮ್ಮಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿ ಹಾಡುವವನು ಗಂಡು ಮೇಲು ಎನ್ನಬೇಕು, ನಾಗೇಶಿ ಹಾಡುವವನು ಹೆಣ್ಣು ಮೇಲು ಎನ್ನಬೇಕು. ನನ್ನ ಗುರುವಿನದು ನಾಗೇಶಿ, ಹಾಗಾಗಿ ನನ್ನದೂ ಅದೇ. ಒಬ್ಬ ಸವಾಲು ಹಾಡಿ ನಿಲ್ಲಿಸುತ್ತಾನೆ. ಹಿಂದಿನವರು ದಪ್ಪು ಸಣ್ಣಗೆ ಬಾರಿಸುತ್ತಿರುತ್ತಾರೆ. ಅಷ್ಟರಲ್ಲಿ ಎದುರಿನವನು ಅದೇ ಧಾಟಿಯಲ್ಲಿ ಜವಾಬು ಕಟ್ಟಿ ಹಾಡಬೇಕು. ಆಗದಿದ್ದರೆ ತನ್ನ ದಪ್ಪನ್ನು ಬೋರಲು ಹಾಕಬೇಕು. ಬೋರಲು ಹಾಕಿದ ಎಂದರೆ ಸೋತ. ಆಗ ಸವಾಲು ಹಾಕಿದವನೇ ಎದ್ದು ಜವಾಬು ಹಾಡಿ ತೋರಿಸಬೇಕು. ಎದುರಾಳಿ ಸೋಲುವ ತನಕ ಜವಾಬು ಬಾಯಿಂದ ಹೊರಗೆ ಬರಬಾರದು, ಹೆಂಡತಿ ಕೇಳಿದರೂ ಹೇಳಬಾರದು.

ನನ್ನ ಗುರು ಮುಧೋಳದ ಬಸಲಿಂಗಪ್ಪ. ಆಗ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಯವರು ಇನ್ನೂ ಉರ್ದುವಿನಲ್ಲೇ ಬೈಯುತ್ತಿದ್ದರು, ನನ್ನ ಗುರು ಮಾತ್ರ ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದ. ತಾಳ ತಪ್ಪಿದರೆ ಕೈಯಲ್ಲಿದ್ದ ತಾಳದಿಂದಲೇ ನೆತ್ತಿಗೆ ಬಡಿಯುವನು. "ಮಗನ, ದನಿ ದೇವರು ಕೊಟ್ಟಾನ ನಿನಗ. ತಲಿ ಮಾತ್ರ ನಿಮ್ಮಪ್ಪ ಕೊಟ್ಟಾನ," ಎಂದು ಎಲ್ಲರ ಮುಂದೆ ಅನ್ನುವನು. ಪುರಾಣದ ಪದ, ದೇಹತತ್ವದ ಪದ, ಒಗಟಿನ ಪದ, ಎಲ್ಲ ಬಾಯಿಪಾಠ ಮಾಡಿಸಿದ. ಅವನ ಮನೆಯ ಎಮ್ಮೆ ಮೇಯಿಸುತ್ತಾ ಕಲಿತೆ. ಇವತ್ತಿನವರು ಒಂದು ಮಧ್ಯಾಹ್ನದಲ್ಲಿ ಕಲಿಸಿರಿ ಎನ್ನುತ್ತಾರೆ!

ಮೊದಲ ಸಲ ಸ್ವಂತ ಮೇಳ ಕಟ್ಟಿಕೊಂಡು ಹೋದದ್ದು ಚಿಂಚೋಳಿ ಕಡೆಯ ಚಿಮ್ಮನಚೋಡಕ್ಕೆ. ಗುರು ಕಲಿಸಿದ ಭಾರಿ ಒಗಟೊಂದನ್ನು ಎದೆಯುಬ್ಬಿಸಿ ಹಾಡಿದೆ. ಎದುರಿನ ಮೇಳದವರು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ಅಡಿಕೆ ಕುಟ್ಟುವುದು ನಿಲ್ಲಿಸಿ, "ಇದ್ಯಾವ ಸವಾಲೋ ತಮ್ಮಾ! ನಮ್ಮ ಮನ್ಯಾಗ ಕೂಸುಗಳು ಹೇಳ್ತಾವ," ಎಂದು ಉತ್ತರ ಹೇಳಿಯೇಬಿಟ್ಟಳು. ಜನ ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ. ಆವತ್ತಿನಿಂದ ಒಂದು ಪಾಠ ಕಲಿತೆ. ಯಾವ ಊರಿಗೆ ಹೋದರೂ ಮುಂಜಾನೆ ಬಾವಿಕಟ್ಟೆಯಲ್ಲಿ ಹೆಂಗಸರ ಮಾತು ಕೇಳಿಸಿಕೊಳ್ಳಬೇಕು, ಅವರಿಗೆ ಗೊತ್ತಿರುವುದನ್ನು ಸಂಜೆ ಸವಾಲು ಮಾಡಬಾರದು. ನೀವೂ ನೆನಪಿಡಿ.

ಇನ್ನು ಸಾಯಬಣ್ಣನ ಮಾತಿಗೆ ಬರಲೇಬೇಕು.

ಅವನು ಶಹಾಬಾದಿನ ಕಲ್ಲುಖಣಿಯಲ್ಲಿ ದುಡಿಯುವವನು. ಗುರು ಇಲ್ಲ, ಮೇಳ ಇಲ್ಲ, ಒಳ್ಳೆಯ ದಪ್ಪೂ ಇಲ್ಲ. ಶಹಾಬಾದಿನ ಕಲ್ಲು ನೆಲದಡಿಯಲ್ಲಿ ಪದರು ಪದರಾಗಿರುತ್ತದೆ, ಅದನ್ನು ಎಬ್ಬಿಸುತ್ತಾ ಎಬ್ಬಿಸುತ್ತಾ ಆಳುಗಳು ಆಳದ ಗುಂಡಿಗೆ ಇಳಿದಿರುತ್ತಾರೆ. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿನಲ್ಲಿ ಅವನು ಆ ಗುಂಡಿಯ ತಳದಲ್ಲಿ ಕೂತು, ಕಬ್ಬಿಣದ ಬುಟ್ಟಿ ಬೋರಲು ಹಾಕಿಕೊಂಡು ಬಡಿಯುತ್ತಾ ಹಾಡುತ್ತಿದ್ದ. ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮನಿಗೆ ಬುಟ್ಟಿಯ ಸದ್ದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿ ಏನು ಬೇಕಾದರೂ ಹಾಡಬಹುದಿತ್ತು.

ಹರದೇಶಿ ಪಕ್ಷದಲ್ಲಿ ಒಬ್ಬ ಹೊಸಬ ಎದ್ದಿದ್ದಾನೆ, ನಿಂತಲ್ಲೇ ಪದ ಕಟ್ಟುತ್ತಾನೆ ಎಂದು ಎಲ್ಲ ಕಡೆ ಸುದ್ದಿ. ನೋಡಿಯೇ ಬಿಡೋಣ ಎಂದು ಒಂದು ದಿನ ಹೋದೆ. ಮರದ ಏಣಿ ಹಿಡಿದು ಗುಂಡಿಗೆ ಇಳಿದಾಗ ಅವನು ಹಾಡುತ್ತಿದ್ದ:

"ಮ್ಯಾಲ ನೆರಳು ಮುಕಾದಮಗ, ಕೆಳಗ ಬಿಸಿಲು ನಮಗ
ಕಲ್ಲಿಗಿ ಗೊತ್ತದ ಯಾರ ಬೆವರು, ಕೇಳಬ್ಯಾಡ ನೀ ನನಗ"

ದನಿ ಎಂದರೆ ಏನು ಹೇಳಲಿ! ಧೂಳು ತುಂಬಿದ ಗಂಟಲು. ನಾಲ್ಕು ಸಾಲಿಗೆ ಒಮ್ಮೆ ಕೆಮ್ಮು. ಆ ಕೆಮ್ಮನ್ನೂ ತಾಳಕ್ಕೆ ಸೇರಿಸಿಕೊಂಡು ಕೆಮ್ಮುತ್ತಿದ್ದ ಆ ಪುಣ್ಯಾತ್ಮ. ಸುತ್ತ ಕೂತವರು ಬಾಯಿಗೆ ಇಟ್ಟ ತುತ್ತು ಅಗಿಯದೆ ಕೇಳುತ್ತಿದ್ದರು. ನಾನು ಹಾಡುವಾಗ ಜನ ತಲೆದೂಗಿದ್ದಾರೆ, ಶಿಳ್ಳೆ ಹಾಕಿದ್ದಾರೆ, ಅಗಿಯುವುದನ್ನು ಮಾತ್ರ ಯಾರೂ ನಿಲ್ಲಿಸಿದ್ದಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವತ್ತೇ.

ಅವನ ಹೆಂಡತಿ ಚಂದಮ್ಮ ಅದೇ ಖಣಿಯಲ್ಲಿ ಕಲ್ಲಿನ ಚೂರು ಹೊರುತ್ತಿದ್ದಳು. ಅವನು "ಗಂಡೇ ಮೇಲು" ಎಂದು ಹಾಡುತ್ತಿದ್ದರೆ ಆಕೆ ಪಕ್ಕದಿಂದ, "ಮೇಲಿನ ಗಂಡಸರೇ, ರೊಟ್ಟಿ ಒಣಗಾಕತ್ತಾವ, ಮೊದಲ ಉಣ್ರಿ," ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಹಾಡು ಅಲ್ಲಿಗೇ ನಿಲ್ಲಿಸಿ, ಕೈ ತೊಳೆದುಕೊಂಡು ಉಣ್ಣಲು ಕೂತ. ಏನು ಹಾಡುಗಾರನೋ, ಮೇಳದ ಮರ್ಯಾದೆಯೇ ಗೊತ್ತಿಲ್ಲ ಎಂದುಕೊಂಡೆ.

"ಕುರಕುಂಟಾದ ಮಲ್ಲಣ್ಣ ಅಲ್ಲೇನ್ರಿ ನೀವು? ಬರ್ರಿ, ಕುಂದ್ರಿ, ರೊಟ್ಟಿ ತಿನ್ರಿ," ಎಂದ. "ಭಾಳ ಛಲೋ ದನಿ ಅದ ನಿಮ್ದು. ಸೇಡಂನ್ಯಾಗ ಕೇಳೀನಿ."

"ನಿನ್ನ ಪದ ಛಲೋ ಅದಾವ," ಎಂದು ನಾನೂ ಹೇಳಬಹುದಿತ್ತು. ಹೊಟ್ಟೆ ತುಂಬಿದೆ ಎಂದು ಹೇಳಿ ಏಣಿ ಹತ್ತಿದೆ.

ಕೆಲವು ತಿಂಗಳಿಗೆ ಚಿತ್ತಾಪುರದ ಸಂತೆ ಮುಗಿದ ಮೇಲೆ ಇಬ್ಬರನ್ನೂ ಎದುರುಬದುರು ಕೂಡಿಸಿದರು. ನನಗೆ ಹೊಸ ಪೇಟ, ಹಿಂದೆ ನಾಲ್ಕು ಜನ. ಅವನ ಹಿಂದೆ ಖಣಿಯ ಇಬ್ಬರು ಆಳುಗಳು. ನಾನು ಸವಾಲು ಹಾಕಿದೆ: ಒಲೆ ಹೊತ್ತಿಸುವವಳು ಹೆಣ್ಣು, ಅನ್ನ ನೀಡುವವಳು ಹೆಣ್ಣು, ಬರೀ ಉಣ್ಣುವ ಗಂಡು ಮೇಲಾಗುವುದು ಹೇಗೆ? ಹೆಂಗಸರ ಕಡೆಯಿಂದ ಚಪ್ಪಾಳೆ. ಅವನು ಒಮ್ಮೆ ಕೆಮ್ಮಿ ಎದ್ದ:

"ಒಲಿಗಿ ಹೂಡಿದ ಕಲ್ಲು ಮೂರು, ಹೊತ್ತು ತಂದವರ್ಯಾರೋ ತಮ್ಮಾ
ಕಲ್ಲ ಕೆಳಗ ಬೆವರ ಸುರಿದರ, ಮ್ಯಾಲ ರೊಟ್ಟಿ ಬೇಯ್ತದ ತಮ್ಮಾ"

ಜನ ಎದ್ದು ನಿಂತರು. ಚಪ್ಪಾಳೆ ಹೊಡೆದಿದ್ದ ಅದೇ ಹೆಂಗಸರು ಅವನಿಗೂ ಹೊಡೆದರು! ಅವತ್ತು ಹೊತ್ತು ಮುಳುಗುವ ಮೊದಲೇ ನಾನು ದಪ್ಪು ಬೋರಲು ಹಾಕಿದೆ. ಆಮೇಲೆ ಸೇಡಂನಲ್ಲಿ ಹಾಕಿದೆ, ವಾಡಿಯಲ್ಲಿ ಹಾಕಿದೆ. ಅವನು ಒಮ್ಮೆಯೂ ಹಾಕಲಿಲ್ಲ. ಇವನು ಜೀವಮಾನದಲ್ಲಿ ಒಮ್ಮೆ, ಒಂದೇ ಒಂದು ಸಲ, ನಾಲ್ಕು ಜನರ ಮುಂದೆ ನನಗೆ ಸೋಲಬೇಕು ಎಂಬ ಹಂಬಲ ನನ್ನೊಳಗೆ ಹೊಕ್ಕಿತು. ಊಟ ಮಾಡುವಾಗಲೂ ಅದೇ, ಉಳುಮೆ ಮಾಡುವಾಗಲೂ ಅದೇ.

ನನ್ನ ಹೆಂಡತಿ ಶಾಂತಮ್ಮ ಇದನ್ನು ಕಂಡು ಬೇಸತ್ತಿದ್ದಳು. ಆಕೆಯ ತಮ್ಮನ ಮದುವೆ ಮತ್ತು ಸಾಯಬಣ್ಣನೊಂದಿಗಿನ ಒಂದು ಪಂದ್ಯ ಒಂದೇ ದಿನ ಬಂದವು. ಪಂದ್ಯಕ್ಕೆ ಹೋಗುತ್ತೇನೆ, ನೀನೂ ಮನೆಯಲ್ಲಿರು, ದನ ಯಾರು ನೋಡಬೇಕು ಎಂದೆ. ಆಕೆ ಅಂದಳು: "ಊರ ಮುಂದ ಹೆಣ್ಣೇ ಮೇಲು ಅಂತೀರಿ. ಮನಿಗಿ ಬರೂ ಮುಂದ ಆ ಹಾಡ ದಪ್ಪಿನ ಚೀಲದಾಗ ಕಟ್ಟಿ ಗೂಟಕ್ಕ ಹಾಕ್ತೀರಿ." ಹೆಂಗಸರ ಮಾತು ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಪಂದ್ಯಕ್ಕೆ ಹೋದೆ, ಅದರಲ್ಲೂ ಸೋತೆ.

ಕಾಲ ಬದಲಾಯಿತು. ಮೈಕು ಬಂತು. ಎದೆಯಿಂದ ಹಾಡುತ್ತಿದ್ದ ನಾವು ಕಬ್ಬಿಣದ ಕೋಲಿಗೆ ಬಾಯಿ ಹಚ್ಚಿ ಹಾಡಲು ಕಲಿತೆವು. ನನಗೆ ರೇಡಿಯೋದಲ್ಲಿ ಒಮ್ಮೆ ಹಾಡಲು ಕರೆ ಬಂತು. ಸಾಯಬಣ್ಣನಿಗೆ ಬರಲಿಲ್ಲ ಎಂಬುದೇ ನನಗೆ ದೊಡ್ಡ ಹಬ್ಬ. ಅಲ್ಲಿಯವರು ಗಡಿಯಾರ ತೋರಿಸಿ, ಬೇಗ ಮುಗಿಸಿರಿ ಎಂದರು. ದೇವರ ಸ್ತುತಿ ಮುಗಿಯುವಷ್ಟರಲ್ಲಿ ರೆಕಾರ್ಡಿಂಗಿನ ಕೆಂಪು ದೀಪ ಆರಿಹೋಯಿತು. ಹಾಡು ಬಿತ್ತರವಾದದ್ದು ಮಟಮಟ ಮಧ್ಯಾಹ್ನ, ಊರೆಲ್ಲ ಹೊಲದಲ್ಲಿ. ಕೇಳಿದವರು ನಾನು ಮತ್ತು ಪಂಚಾಯಿತಿ ಕಟ್ಟೆಯ ಮೇಲೆ ಮಲಗಿದ್ದ ಒಬ್ಬ ಕಿವುಡ.

ಆಮೇಲೆ ಕ್ಯಾಸೆಟ್ಟು ಬಂತು. ಶಹಾಬಾದಿನಲ್ಲಿ ಖಾಜಾ ಎಂಬವನು ಕ್ಯಾಸೆಟ್ ಅಂಗಡಿ ತೆರೆದ. ಅವನು ಟೇಪು ಹೊತ್ತುಕೊಂಡು ಖಣಿಯ ಗುಂಡಿಗೇ ಇಳಿದು ಸಾಯಬಣ್ಣನ ಹಾಡು ತುಂಬಿಕೊಂಡು ಬಂದ. ಸುತ್ತಿಗೆಯ ಸದ್ದು, ಕೆಮ್ಮು, ಚಂದಮ್ಮನ ಬೈಗುಳ, ಎಲ್ಲ ಅದರಲ್ಲಿತ್ತು. ಅಂಥದ್ದನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ವಾಡಿಯ ಹೊಟೇಲುಗಳಲ್ಲಿ ಅದು, ಚಿಂಚೋಳಿಯ ಬಸ್ಸಿನಲ್ಲಿ ಅದು, ಸೇಡಂನ ಕ್ಷೌರದಂಗಡಿಯಲ್ಲಿ ಅದು! ಒಂದು ಸಲ ಅರ್ಧ ಗಡ್ಡ ಬೋಳಿಸಿಕೊಂಡವನು ಸಿಟ್ಟಿನಿಂದ ಹಾಗೇ ಎದ್ದು ಬಂದೆ.

ನನ್ನದೂ ಒಂದು ಕ್ಯಾಸೆಟ್ ಆಗಲೇಬೇಕು ಎಂದು ಖಾಜಾನ ಬಳಿಗೆ ಹೋದೆ. "ಖಣಿಯ ಗಲಾಟೆ ಬೇಡ. ಬಾಗಿಲು ಮುಚ್ಚು, ಕಿಟಕಿಗೆ ಕಂಬಳಿ ಹಾಕು, ನನ್ನ ದನಿ ಒಂದೇ ಕೇಳಬೇಕು," ಎಂದೆ. ಹಾಗೇ ಮಾಡಿದ. ಅವತ್ತು ನಾನು ಹಾಡಿದ ಹಾಗೆ ಮತ್ತೆಂದೂ ಹಾಡಿಲ್ಲ. ಒಂದರ ಹಿಂದೊಂದು ನನ್ನ ಗಟ್ಟಿ ಸವಾಲುಗಳನ್ನೆಲ್ಲ ಹಾಡಿದೆ.

ಈಗ ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಕೇಳಿರಿ. ಸವಾಲು ಹಾಡಿದ ಮೇಲೆ ನಿಲ್ಲಿಸಬೇಕು, ಎದುರಿನವನಿಗೆ ಜಾಗ ಬಿಡಬೇಕು ಎಂಬುದು ನನ್ನ ರಕ್ತದಲ್ಲಿದೆ. ಕಣ್ಣು ಮುಚ್ಚಿ ಹಾಡುತ್ತಿದ್ದ ನಾನು ಪ್ರತಿ ಸವಾಲಿಗೂ ನಿಲ್ಲಿಸಿದೆ. ನನ್ನ ಹಿಂದಿನವರೂ ಅಭ್ಯಾಸಬಲದಿಂದ ಮೆಲ್ಲಗೆ ದಪ್ಪು ಬಾರಿಸುತ್ತಾ ಕಾದರು. ಎದುರಿಗೆ ಯಾರಿದ್ದಾರೆ? ಕಿಟಕಿಯ ಕಂಬಳಿ! ಅದು ಜವಾಬು ಹೇಳೀತೇ? ಜವಾಬು ನಾನೂ ಹಾಡುವಂತಿಲ್ಲ, ಯಾರೂ ದಪ್ಪು ಬೋರಲು ಹಾಕಿಲ್ಲವಲ್ಲ. ಹೀಗೆ ಇಡೀ ಕ್ಯಾಸೆಟ್ಟಿನಲ್ಲಿ ಒಂದು ಸವಾಲು, ಆಮೇಲೆ ಬರೀ ಡಬ್ ಡಬ್. ಇನ್ನೊಂದು ಸವಾಲು, ಮತ್ತೆ ಡಬ್ ಡಬ್. ಖಾಜಾ ಪಾಪ, ಇದೇ ಪದ್ಧತಿ ಇರಬೇಕು ಎಂದುಕೊಂಡು ಹಾಗೇ ಪ್ರತಿ ಮಾಡಿ ಮಾರಿದ.

"ಮಲ್ಲಣ್ಣನ ಕ್ಯಾಸೆಟ್ಟಿನ್ಯಾಗ ಅರ್ಧ ಹಾಡು, ಅರ್ಧ ಗಾಳಿ," ಎಂದು ಜನ ಆಡಿಕೊಂಡು ನಕ್ಕರು. ಹೊಟೇಲಿನವರು ಒಮ್ಮೆ ಹಾಕಿ ತೆಗೆದಿಟ್ಟರು. ವಾಡಿ ಸ್ಟೇಷನ್ ರಸ್ತೆಯಲ್ಲಿ ಹೊಟೇಲು ಇಟ್ಟಿದ್ದ ಬಾಬುರಾವ್ ಒಬ್ಬ ನನ್ನ ಗೆಳೆಯ. ನಾನು ಹೋಗಿ ಕೂತರೆ ಮುಲಾಜಿಗೆ ಬಿದ್ದು ಹಾಕುತ್ತಿದ್ದ. ಅದಕ್ಕೇ ನಾನು ವಾಡಿಗೆ ಕೆಲಸವಿಲ್ಲದಿದ್ದರೂ ಹೋಗುತ್ತಿದ್ದೆ.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಸಾಯಬಣ್ಣ ಹೆಂಡತಿಯೊಂದಿಗೆ ಒಳಗೆ ಬಂದ. ಚಂದಮ್ಮನನ್ನು ತವರಿಗೆ ಕರೆದುಕೊಂಡು ಹೊರಟಿದ್ದ, ರೈಲುಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಅವನು ಸೊರಗಿದ್ದ, ಅಂಗಿ ಹೆಗಲ ಮೇಲೆ ಜೋಲಾಡುತ್ತಿತ್ತು. ಖಾಜಾನೂ ಅವತ್ತು ಹೊಸ ಟೇಪು ಮಾರಲು ಬಂದು ಅಲ್ಲೇ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದ. ನನ್ನ ಕ್ಯಾಸೆಟ್ ನಡೆದಿತ್ತು. ಸವಾಲು ಮುಗಿದು ಡಬ್ ಡಬ್ ಶುರುವಾಯಿತು. ಸಾಯಬಣ್ಣ ಕಿವಿ ನಿಮಿರಿಸಿದ.

"ಇದೇನು ಮಲ್ಲಣ್ಣ, ನನಗ ಜಾಗ ಬಿಟ್ಟಿ ಏನು?" ಎಂದು ನಕ್ಕವನೇ ಮೇಜು ಬಡಿಯುತ್ತಾ ಜವಾಬು ಹಾಡಿಬಿಟ್ಟ. ಅದೇ ಧಾಟಿ, ಅದೇ ತಾಳ. ಅವನು ಮುಗಿಸುವುದಕ್ಕೂ ಕ್ಯಾಸೆಟ್ಟಿನ ನಾನು ಮುಂದಿನ ಸವಾಲು ಹಾಕುವುದಕ್ಕೂ ಸರಿಹೋಯಿತು. ಹೊಟೇಲೇ ಹೋ ಎಂದಿತು. ಖಾಜಾ ಗಡಬಡಿಸಿ ತನ್ನ ಹೊಸ ಟೇಪಿನ ಗುಂಡಿ ಒತ್ತಿ ತುಂಬಿಕೊಳ್ಳಲು ಶುರುಮಾಡಿದ. ರಸ್ತೆಯ ಮೇಲಿನವರು, ಸ್ಟೇಷನ್ನಿನ ಹಮಾಲರು, ಎಲ್ಲ ಬಂದು ಬಾಗಿಲಲ್ಲಿ ಮುತ್ತಿದರು. ನಾನು ಕೇಳುತ್ತಾ ಹೋದೆ, ಅಲ್ಲಲ್ಲ, ನನ್ನ ಕ್ಯಾಸೆಟ್ಟು ಕೇಳುತ್ತಾ ಹೋಯಿತು, ಅವನು ಹೇಳುತ್ತಾ ಹೋದ. ಜೀವಂತ ನಾನು ಮೂಲೆಯಲ್ಲಿ ತಣ್ಣಗಾದ ಚಹಾ ಹಿಡಿದುಕೊಂಡು ಕೂತಿದ್ದೆ.

ಕಡೆಯ ಸವಾಲು ಬಂತು. ಅದು ನಾನು ಅವನಿಗಾಗಿಯೇ ಕಟ್ಟಿದ್ದು:

"ಒಂದೇ ಮನಿಯ ಅಕ್ಕ-ತಂಗಿ, ಒಬ್ಬಾಕಿ ಮ್ಯಾಲ ಒಬ್ಬಾಕಿ
ಎಷ್ಟು ಉಂಡರೂ ಹೊಟ್ಟಿ ತುಂಬದ, ಹಾಡದೆ ಉಣ್ಣದಾಕಿ
ಇಬ್ಬರೂ ಬಾಯಿ ಮುಚ್ಚಿ ಕುಂತ ದಿನ ಯಾವುದು ಹೇಳೋ
ಆ ದಿನ ಗಂಡು ಏನಾಗ್ಯಾನ, ಬಲ್ಲವನಾದರ ಹೇಳೋ"

ಅಕ್ಕ-ತಂಗಿ ಎಂದರೆ ಬೀಸುಕಲ್ಲಿನ ಎರಡು ಹೋಳು; ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ಬೀಸುಕಲ್ಲು ಸುಮ್ಮನಾಗುವ ದಿನ ಗಂಡ ಸತ್ತ ದಿನ. ಅಂದು ಗಂಡು ಹೆಣವಾಗಿ ಬಿದ್ದಿರುತ್ತಾನೆ, ಮನೆ ನಡೆಸಲು ಉಳಿಯುವವಳು ಹೆಣ್ಣು. ಹರದೇಶಿಯವನು ಇದನ್ನು ಹಾಡಿದರೂ ಸೋತ, ಹಾಡದಿದ್ದರೂ ಸೋತ. ಅಂಥ ಬೋನು ಹೆಣೆದಿದ್ದೆ ನಾನು.

ಸಾಯಬಣ್ಣನ ತುಟಿ ತೆರೆಯಿತು. ಉಸಿರು ಎಳೆದುಕೊಂಡ. ಪಕ್ಕಕ್ಕೆ ತಿರುಗಿ ಚಂದಮ್ಮನನ್ನು ನೋಡಿದ. ಆಕೆ ಬಸಿಯಲ್ಲಿ ಚಹಾ ಸುರಿದುಕೊಂಡು ಆರಿಸುತ್ತಿದ್ದಳು. ತೆರೆದ ತುಟಿ ಹಾಗೇ ಮುಚ್ಚಿತು. ತನ್ನ ಮುಂದಿದ್ದ ಚಹಾದ ಬಸಿಯನ್ನು ಎತ್ತಿ ಮೇಜಿನ ಮೇಲೆ ಬೋರಲು ಹಾಕಿದ.

"ಸೋತೆ ಮಲ್ಲಣ್ಣ," ಎಂದ. "ನಡಿ ಚಂದೂ, ಗಾಡಿ ಬಂತು."

ಗಾಡಿ ಬಂದಿರಲಿಲ್ಲ. ಅವಮಾನ ತಡೆಯಲಾರದೆ ಓಡುತ್ತಿದ್ದಾನೆ ಎಂದುಕೊಂಡೆ. ಎದ್ದು ನಿಂತು, ಅವನು ಹೆಂಡತಿಯ ಕೈ ಹಿಡಿದು ಬಾಗಿಲು ದಾಟುತ್ತಿದ್ದಂತೆ, ಕಟ್ಟಳೆಯ ಪ್ರಕಾರ ಜವಾಬನ್ನು ಗಂಟಲು ಬಿಚ್ಚಿ ಹಾಡಿದೆ. ಚಪ್ಪಾಳೆಯೋ ಚಪ್ಪಾಳೆ! ಬಾಬುರಾವ್ ನನ್ನನ್ನು ಅಪ್ಪಿಕೊಂಡ. ಅಂದು ವಾಡಿಯಿಂದ ಕುರಕುಂಟಾಕ್ಕೆ ಹೇಗೆ ಬಂದೆನೋ ನೆನಪಿಲ್ಲ, ಕಾಲು ನೆಲ ಮುಟ್ಟಿರಲಿಕ್ಕಿಲ್ಲ.

ಖಾಜಾ ಆ ಕ್ಯಾಸೆಟ್ಟನ್ನು ಪ್ರತಿ ಮಾಡಿದ. ಬೆಂಕಿ ಹತ್ತಿದ ಹಾಗೆ ಹರಡಿತು. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಅದಿಲ್ಲದ ಹೊಟೇಲಿಲ್ಲ. ಗೆದ್ದವನು ನಾನು. ಸವಾಲು ನನ್ನವು. ಮೂಲ ಕ್ಯಾಸೆಟ್ಟೂ ನನ್ನದು. ಜನ ಅದನ್ನು ಏನೆಂದು ಕರೆದರು ಗೊತ್ತೇ? "ಸಾಯಬಣ್ಣ ಸೋತ ಕ್ಯಾಸೆಟ್." ಸೋತರೂ ಅವನ ಹೆಸರು! ಬರಬರುತ್ತಾ "ಸೋತ" ಎಂಬುದೂ ಉದುರಿ ಸಾಯಬಣ್ಣನ ಕ್ಯಾಸೆಟ್ ಎಂದಾಯಿತು. ಆದರೂ ಗೆದ್ದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಯಬಣ್ಣ ಸತ್ತ ಸುದ್ದಿ ಬಂತು. ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತಂತೆ. ಖಣಿಯವರು ಅಂಗಡಿ ಮುಚ್ಚಿಸಿ ಮೆರವಣಿಗೆ ಮಾಡಿದರಂತೆ, ಊರಿಗೆ ಊರೇ ನಡೆದಿತ್ತಂತೆ. ಕೇಳಿ ಕಣ್ಣಲ್ಲಿ ನೀರು ಬಂತು. ನಾನು ಸತ್ತರೆ ಎಷ್ಟು ಜನ ಬಂದಾರು ಎಂಬ ಲೆಕ್ಕವೂ ಅದೇ ಕ್ಷಣ ತಲೆಯಲ್ಲಿ ಬಂತು. ಸುಳ್ಳು ಯಾಕೆ ಹೇಳಲಿ.

ಮಾತಾಡಿಸಿ ಬರೋಣ ಎಂದು ಶಾಂತಮ್ಮನನ್ನು ಕರೆದುಕೊಂಡು ಹೋದೆ. ಕಲ್ಲಿನ ಚೂರುಗಳಿಂದ ಕಟ್ಟಿದ ಪುಟ್ಟ ಮನೆ. ಚಂದಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬೀಸುಕಲ್ಲು, ಅದರ ಮೇಲೆ ಒಂದು ಹಳೆಯ ಬಟ್ಟೆ. ಶಾಂತಮ್ಮ ಹೋಗಿ ಆಕೆಯ ಕೈ ಹಿಡಿದುಕೊಂಡು ಕೂತಳು.

ಸ್ವಲ್ಪ ಹೊತ್ತು ಅತ್ತ ಮೇಲೆ ಚಂದಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀವು ಬರ್ತೀರಂತ ಹೇಳಿದ್ರು ಅಣ್ಣ. ಮಲ್ಲಣ್ಣ ಬರಲಾರದ ಇರಂಗಿಲ್ಲ, ಬಂದ್ರ ಇದನ್ನ ಹೇಳು ಅಂದಿದ್ರು. ಅವತ್ತು ವಾಡಿ ಹೊಟೇಲಿನ್ಯಾಗ ನೀವು ಹಾಕಿದ ಕಡೀ ಸವಾಲಿಗಿ ಜವಾಬು ಅವರ ಬಾಯಾಗ ಬಂದಿತ್ತಂತ."

"ಬಂದಿತ್ತಾ? ಮತ್ತ ಯಾಕ ಹೇಳಲಿಲ್ಲ?" ನನ್ನ ದನಿ ಜೋರಾಯಿತು. ಸತ್ತವರ ಮನೆ ಎಂಬುದೂ ಮರೆತಿತ್ತು.

"ಡಾಕ್ಟ್ರು ಅದಕ್ಕೂ ಮೊದಲೇ ಅವರಿಗಿ ಹೇಳಿಬಿಟ್ಟಿದ್ರಂತ, ಇನ್ನ ಭಾಳ ದಿನ ಇಲ್ಲ ಅಂತ. ನನಗ ಹೇಳಿದ್ದಿಲ್ಲ. ಅವತ್ತು ನಾ ಬಾಜೂಕೇ ಕುಂತಿದ್ದೆ ನೋಡ್ರಿ. ಗಂಡ ಸತ್ತ ಮನಿ ಅನ್ನೂ ಮಾತು ನಿನ್ನ ಮುಂದ ನನ್ನ ಬಾಯಿಲೆ ಹ್ಯಾಂಗ ಆಡ್ಲಿ ಚಂದೂ ಅಂದ್ರು. ಹಾಡು ಅಂದ್ರ ಹಾಡೇ, ಆದ್ರ ನೀ ಮುಂದ ಅದನ್ನೇ ನೆನಸಿ ನೆನಸಿ ಅಳ್ತಿದ್ದಿ. ಸೋತ್ರ ಸೋತೆ, ಮಲ್ಲಣ್ಣಗರ ಖುಷಿ ಆಗ್ತದ ಅಂದ್ರು."

ಏನು ಆ ಜವಾಬು ಎಂದು ಕೇಳಿದೆ.

"ಕಡೀ ವಾರದಾಗ ಎಲ್ಲಾ ಹೇಳಿ ಜವಾಬು ನನಗ ಕಲಿಸ್ಯಾರ," ಎಂದು ಆಕೆ ಬೀಸುಕಲ್ಲಿನ ಬಟ್ಟೆ ಸರಿಸಿದಳು. ಮೇಲಿನ ಹೋಳನ್ನು ತುಸು ಎತ್ತಿ ತೋರಿಸಿದಳು. ಒಳಮೈಯಲ್ಲಿ ಉಳಿಯ ಹೊಸ ಗುರುತುಗಳು, ಸಾಲಾಗಿ, ಒಂದೇ ಆಳ. "ಕಲ್ಲಿನ ಹಲ್ಲು ಸವದಿತ್ರಿ. ಕುಂದ್ರಾಕ ಆಗ್ತಿದ್ದಿಲ್ಲ, ಆದ್ರೂ ಕುಂತು ಕಟದು ಕೊಟ್ರು." ಆಮೇಲೆ ಹಾಡದೆ, ಬರೀ ಮಾತಿನಲ್ಲಿ, ಒಂದೊಂದೇ ಸಾಲು ಹೇಳಿದಳು:

"ಗಂಡ ಸತ್ತ ಮನಿಯಾಗ ಕಲ್ಲು ಬಾಯಿ ಮುಚ್ಚತಾವ ಖರೇ
ಅತ್ತು ಮುಗಿಸಿದ ಮ್ಯಾಲ ಹೆಣ್ಣು ಮತ್ತ ಬೀಸತಾಳ ಖರೇ
ಜ್ವಾಳ ಅರಿಯೂದು ಯಾರ ಹಲ್ಲಿಲೆ, ಅಂವ ಕಟದಿಟ್ಟ ಹಲ್ಲು
ಸತ್ತಾಂವ ಇನ್ನೂ ಸಾಕತಾನ ತಮ್ಮಾ, ಸುಮ್ಮನ ಅಲ್ಲ ಈ ಕಲ್ಲು"

ನನ್ನ ಬೋನು ಮುರಿದುಬಿತ್ತು. ಇದನ್ನು ಅವನು ಅವತ್ತು ಹೊಟೇಲಿನಲ್ಲಿ ಹಾಡಿದ್ದರೆ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಖಾಜಾನ ಟೇಪು ಓಡುತ್ತಿತ್ತು, ಅವನಿಗೂ ಅದು ಕಂಡಿತ್ತು. ಜೀವನವಿಡೀ ಗಂಡೇ ಮೇಲು ಎಂದು ಹಾಡಿದವನು, ಹೆಂಡತಿ ನೊಂದುಕೊಳ್ಳುತ್ತಾಳೆಂದು ಆ ಪದ ನುಂಗಿಕೊಂಡು ಬಸಿ ಬೋರಲು ಹಾಕಿದ್ದ. ನಾನು ಅದನ್ನು ಗೆಲುವು ಎಂದುಕೊಂಡು ಊರೂರು ಸಾರಿದ್ದೆ.

ಈಗ ಹುಡುಗರು ಬಂದು ಆ ಕ್ಯಾಸೆಟ್ ಕೇಳಿದರೆ ಹಾಕುತ್ತೇನೆ. ಬಸಿಯ ಸದ್ದು ಬರುತ್ತದೆ, ನನ್ನ ಜವಾಬು ಬರುತ್ತದೆ, ಚಪ್ಪಾಳೆ ಬರುತ್ತದೆ. ಆಮೇಲೆ ಟೇಪು ನಿಲ್ಲಿಸಿ, ಈ ಸೋತ ಗಂಟಲಿನಲ್ಲೇ ಸಾಯಬಣ್ಣನ ಆ ನಾಲ್ಕು ಸಾಲು ಹಾಡುತ್ತೇನೆ. ಹುಡುಗರು ಬಾಯಿ ತೆರೆದು ಕೂರುತ್ತಾರೆ. ಗೆದ್ದವರು ಯಾರು ಮುತ್ಯಾ ಎಂದರೆ ಅವನೇ ಎನ್ನುತ್ತೇನೆ. ಅವನ ಹೆಸರು ಇನ್ನಷ್ಟು ದೊಡ್ಡದಾಗುತ್ತದೆ, ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ಆದರೂ ಹಾಡುತ್ತೇನೆ. ಕಸುಬಿನವನು ಒಳ್ಳೆಯ ಪದವನ್ನು ಮುಚ್ಚಿಡಬಾರದು.

ಶಹಾಬಾದಿನಿಂದ ಹಿಂದಿರುಗಿದ ದಿನದ್ದು ಒಂದು ಮಾತು ಉಳಿದಿದೆ, ಅದನ್ನು ಬರೆದು ಮುಗಿಸುತ್ತೇನೆ. ಬಸ್ಸಿಳಿದ ಶಾಂತಮ್ಮ ಮನೆಗೆ ಬಂದು ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತಳು. ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಾ ಕುದಿಯುತ್ತಿದ್ದೆ.

"ನೋಡ್ದಿಲ್ಲ? ಸಾಯೂತನಕ ನನ್ನ ಗೆಲ್ಲಗೊಡಲಿಲ್ಲ ಅಂವ. ಸತ್ತ ಮ್ಯಾಲೂ ಗೆದ್ದ. ನನಗ ಹೊಟ್ಟಿ ಉರಿಯಾಕತ್ತದ ನೋಡು," ಎಂದೆ.

"ನನಗೂ ಉರಿಯಾಕತ್ತದ್ರಿ," ಎಂದಳು.

"ನಿನಗ್ಯಾಕ?"

ಆಕೆ ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತಾ ಅಂದಳು: "ಗಂಡ ಸತ್ತಾಕಿನ್ನ ನೋಡಿ ಹೊಟ್ಟಿಕಿಚ್ಚು ಪಡ್ತೀನಂತ ನಾ ಎಂದೂ ಅಂದುಕೊಂಡಿದ್ದಿಲ್ರಿ. ಇವತ್ತು ಚಂದಮ್ಮನ ಕೈ ಹಿಡಿದು ಕುಂತಾಗ ನನಗ ಅದೇ ಆತು."